‘ಬ್ರಹ್ಮಕಲಶ’ ಒಡೆದದ್ದು ಎಲ್ಲಿ? ಅಚ್ಚಿಗೆ ಹೋಗುವಷ್ಟರಲ್ಲಿ ಕನ್ನಡ ಅಕ್ಷರಕ್ಕೆ ಆಗುವುದೇನು

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಈ ಸಲ ಊರಿನ ದೇವಸ್ಥಾನಕ್ಕೆ ಬ್ರಹ್ಮಕಲಶೋತ್ಸವ. ಆಮಂತ್ರಣ ಪತ್ರಿಕೆಯ ಕಟ್ಟು ಪ್ರೆಸ್ಸಿನಿಂದ ಬಂದ ದಿನ ಮಾವ ಒಂದನ್ನು ಬಿಡಿಸಿ ಮೊದಲ ಸಾಲು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ದಪ್ಪ ಅಕ್ಷರದಲ್ಲಿ ‘ಬ್‌ರಹ್‌ಮಕಲಶೋತ್‌ಸವ’ ಎಂದು ಅಚ್ಚಾಗಿತ್ತು. ಒಳಪುಟದಲ್ಲಿ ತಂತ್ರಿಗಳು ‘ತಂತ್‌ರಿ’ಗಳಾಗಿದ್ದರು, ಅನ್ನಸಂತರ್ಪಣೆಯ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಾರಿತ್ತು. ಸಂಜೆಯೊಳಗೆ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದರ ಫೋಟೋ ಓಡಾಡಿತು.

ಮರುದಿನ ಪ್ರೆಸ್ಸಿಗೆ ಹೋದೆ. ಪುಟ ಕಟ್ಟಿದ ಹುಡುಗಿ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಹೇಳಿದ್ದು ಇಷ್ಟು: “ಏಟ್ಟಾ, ನೀವು ಮೊಬೈಲಿನಲ್ಲಿ ಕಳಿಸಿದ್ದನ್ನೇ ಕಾಪಿ ಮಾಡಿ ಹಾಕಿದ್ದು. ಒಂದಕ್ಷರ ಮುಟ್ಟಲಿಲ್ಲ. ಕನ್ನಡ ಹೀಗೆಯೇ ಇರುವುದು ಅಂತ ಗ್ರಹಿಸಿದೆ.”

ಅವಳು ಹೇಳಿದ್ದು ಸುಳ್ಳಲ್ಲ. ನಾವು ಕಳಿಸಿದ್ದೂ ತಪ್ಪಿರಲಿಲ್ಲ. ಮೊಬೈಲಿನಲ್ಲಿ ಈಗಲೂ ‘ಬ್ರಹ್ಮಕಲಶೋತ್ಸವ’ ಸರಿಯಾಗಿಯೇ ಕಾಣುತ್ತದೆ. ಯಾರೂ ತಪ್ಪು ಬರೆಯದೆ ತಪ್ಪು ಅಚ್ಚಾದದ್ದು ಹೇಗೆ? ಮದುವೆ ಕಾಗದ, ಶಾಲೆಯ ಸ್ಮರಣ ಸಂಚಿಕೆ, ಪಂಚಾಯತಿನ ನೋಟೀಸು, ಯಕ್ಷಗಾನದ ಫ್ಲೆಕ್ಸು ಹೀಗೆ ಒಂದಲ್ಲ ಒಂದು ಕಡೆ ಎಲ್ಲರಿಗೂ ಇದು ಎದುರಾಗುತ್ತಿರುವುದರಿಂದ ಬುಡದಿಂದಲೇ ನೋಡೋಣ.

ಕಡತದಲ್ಲಿ ಅಕ್ಷರದ ಚಿತ್ರ ಇರುವುದಿಲ್ಲ

ಮೊಬೈಲಿನಲ್ಲಿ ‘ಶಕ್ತಿ’ ಎಂದು ಬರೆದರೆ ನಮ್ಮ ಕಣ್ಣಿಗೆ ಕಾಣುವುದು ಎರಡು ಅಕ್ಷರ. ಒಳಗೆ ಉಳಿಯುವುದು ಐದು ಸಂಕೇತ: ಶ, ಕ, ಪೊಲ್ಲು, ತ, ಗುಡಿಸು. ಪೊಲ್ಲು ಎಂದರೆ ವ್ಯಂಜನದ ‘ಅ’ಕಾರವನ್ನು ತೆಗೆಯುವ ಗುರುತು, ‘ಕ್’ ಎಂಬಲ್ಲಿ ಮೇಲೆ ಕಾಣುವಂಥದ್ದು. ‘ಬ್ರಹ್ಮಕಲಶೋತ್ಸವ’ ಎಂಬ ಏಳಕ್ಷರದ ಪದಕ್ಕೆ ಒಳಗೆ 14 ಸಂಕೇತಗಳು ಬೇಕು. ಪ್ರತಿ ಸಂಕೇತವೂ ಒಂದು ಸಂಖ್ಯೆ, ಅಷ್ಟೆ. ಲೋಕದ ಎಲ್ಲ ಲಿಪಿಗಳಿಗೂ ಇಂಥ ಸಂಖ್ಯೆ ಹಂಚಿಕೊಡುವ ಪದ್ಧತಿಯೇ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸಾಲೊಂದು ಸಿಕ್ಕಿದೆ.

ಈಗ ‘ಶಕ್ತಿ’ಯನ್ನು ಇನ್ನೊಮ್ಮೆ ನೋಡಿ. ಬಾಯಲ್ಲಿ ಹೇಳುವಾಗ ಇಕಾರ ಬರುವುದು ತಕಾರದ ಮೇಲೆ. ಕಡತದಲ್ಲೂ ಗುಡಿಸು ತಕಾರದ ನಂತರವೇ ಇದೆ. ಕಾಗದದ ಮೇಲೆ ಮಾತ್ರ ಗುಡಿಸು ಹೋಗಿ ಕಕಾರದ ತಲೆಯಲ್ಲಿ ಕೂರುತ್ತದೆ, ತಕಾರ ಒತ್ತಾಗಿ ಕೆಳಗಿಳಿಯುತ್ತದೆ. ಒಂದನೇ ತರಗತಿಯಲ್ಲಿ ಟೀಚರ್ ಕೈ ಹಿಡಿದು ತಿದ್ದಿಸಿದ ಮೇಲೆ ಇದು ವಿಚಿತ್ರ ಎಂದು ನಮಗೆ ಅನಿಸುವುದೇ ಇಲ್ಲ. ‘ಧರ್ಮ’ ಇನ್ನೂ ಮೋಜಿನದು: ರಕಾರ ಉಚ್ಚಾರಕ್ಕೆ ಮೊದಲು, ಬರಹಕ್ಕೆ ಕೊನೆ. ಅರ್ಕಾವೊತ್ತು ಮಕಾರವನ್ನು ದಾಟಿ ಆಚೆ ಬದಿಗೆ ಹೋಗಿ ಕೂತಿರುತ್ತದೆ.

ಅಂದರೆ ಕಡತದಲ್ಲಿರುವುದು ಉಚ್ಚಾರದ ಕ್ರಮ. ಬರಹದ ಕ್ರಮವನ್ನು ತೆರೆಯ ಮೇಲೆ ತೋರಿಸುವ ಗಳಿಗೆಯಲ್ಲಿ ಯಾರಾದರೂ ಕಟ್ಟಿಕೊಡಬೇಕು. ಈ ಕಟ್ಟುವ ಕೆಲಸದಲ್ಲಿ ಆಗುವ ಎಡವಟ್ಟುಗಳೇ ಈ ಲೇಖನದ ವಿಷಯ.

ಚೌಕಿಯೊಳಗಿನ ಕೆಲಸ

ನಮ್ಮ ಕಡೆಯವರಿಗೆ ಯಕ್ಷಗಾನದ ಹೋಲಿಕೆ ಸಾಕು. ಪ್ರಸಂಗ ಪುಸ್ತಕದಲ್ಲಿ ಪದ್ಯಗಳಿರುತ್ತವೆ. ಕಿರೀಟ ಯಾವುದು, ಬಣ್ಣ ಯಾವುದು, ರಂಗಸ್ಥಳಕ್ಕೆ ಯಾರು ಮೊದಲು ಎಂಬುದೆಲ್ಲ ಅದರಲ್ಲಿ ಇರುವುದಿಲ್ಲ. ವೇಷದ ಪೆಟ್ಟಿಗೆಯಲ್ಲಿ ಕಿರೀಟ, ಭುಜಕೀರ್ತಿ ಎಲ್ಲ ಇರುತ್ತದೆ, ಆದರೆ ಪೆಟ್ಟಿಗೆ ತಾನಾಗಿ ವೇಷ ಕಟ್ಟುವುದಿಲ್ಲ. ಪದ್ಧತಿ ಬಲ್ಲವನೊಬ್ಬ ವೇಷ ಕಟ್ಟುವ ಕೋಣೆಯಾದ ಚೌಕಿಯಲ್ಲಿ ಕೂತು ಈ ಪಾತ್ರಕ್ಕೆ ಇದು, ಆ ಪಾತ್ರಕ್ಕೆ ಅದು ಎಂದು ಕಟ್ಟಿ ಕಳಿಸಬೇಕು.

ಯೂನಿಕೋಡ್ ಪಠ್ಯ ಪ್ರಸಂಗ ಪುಸ್ತಕವಿದ್ದಂತೆ. ಫಾಂಟ್ ಎಂದರೆ ವೇಷದ ಪೆಟ್ಟಿಗೆ: ಕಕಾರ, ಗುಡಿಸು ಕೂತ ‘ಕಿ’, ತಕಾರದ ಒತ್ತು, ಅರ್ಕಾವೊತ್ತು ಹೀಗೆ ನೂರಾರು ಚಿತ್ರಗಳು ಅದರಲ್ಲಿರುತ್ತವೆ. ಜೊತೆಗೆ ‘ಈ ಸಂಕೇತಗಳು ಒಟ್ಟಿಗೆ ಬಂದರೆ ಈ ಚಿತ್ರ ತೆಗೆ’ ಎಂಬ ಪಟ್ಟಿಯೂ ಇರುತ್ತದೆ. ಹೀಗೆ ಪಟ್ಟಿಯನ್ನು ಫಾಂಟಿನೊಳಗೇ ಇಡುವ ಪದ್ಧತಿಗೆ ಓಪನ್‌ಟೈಪ್ ಎಂದು ಹೆಸರು. ಮೈಕ್ರೋಸಾಫ್ಟ್ ಮತ್ತು ಅಡೋಬಿ ಕಂಪನಿಗಳು 1996ರಲ್ಲಿ ಅದನ್ನು ಪ್ರಕಟಿಸಿದವು. ಚೌಕಿಯಲ್ಲಿ ಕೂತು ಪಟ್ಟಿ ಓದಿ, ಚಿತ್ರ ಆರಿಸಿ, ಹಿಂದುಮುಂದು ಮಾಡಿ ಜೋಡಿಸುವವನನ್ನು ಶೇಪಿಂಗ್ ಎಂಜಿನ್ ಎನ್ನುತ್ತಾರೆ. ನಾವು ಇಲ್ಲಿ ‘ಜೋಡಣೆಗಾರ’ ಎನ್ನೋಣ.

ಜೋಡಣೆಗಾರನ ಕೆಲಸ ಮೂರು ಹೆಜ್ಜೆಯದು. ಸಂಕೇತಗಳ ಸಾಲನ್ನು ಅಕ್ಷರಗಳಾಗಿ ಒಡೆಯಬೇಕು, ಅಂದರೆ ‘ಕ, ಪೊಲ್ಲು, ತ, ಗುಡಿಸು’ ಇವಿಷ್ಟೂ ಸೇರಿ ಒಂದೇ ಅಕ್ಷರ ಎಂದು ಗುರುತಿಸಬೇಕು. ಆಮೇಲೆ ಸ್ಥಾನ ಬದಲಿಸಬೇಕಾದವನ್ನು ಬದಲಿಸಬೇಕು. ಕೊನೆಗೆ ಫಾಂಟಿನ ಪಟ್ಟಿ ಓದಿ ಚಿತ್ರ ತೆಗೆಯಬೇಕು.

ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ‘ಯೂನಿಸ್ಕ್ರೈಬ್’ ಎಂಬುದಿತ್ತು. 2001ರ ಎಕ್ಸ್‌ಪಿ ಆವೃತ್ತಿಯಲ್ಲಿ ‘ತುಂಗಾ’ ಫಾಂಟಿನ ಜೊತೆ ಕನ್ನಡ ಕಾಣಿಸಿಕೊಂಡದ್ದು ಅದರಿಂದಲೇ. ಇವತ್ತು ಆಂಡ್ರಾಯ್ಡ್ ಮೊಬೈಲು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವೆಲ್ಲದರಲ್ಲೂ ಇರುವ ಜೋಡಣೆಗಾರ ‘ಹಾರ್ಫ್‌ಬಝ್’. ಇರಾನಿ ಮೂಲದ ಬೆಹದಾದ್ ಎಸ್ಫಾಬೋದ್ ಕಟ್ಟಿ ಬೆಳೆಸಿದ, ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶ ಅದು. ಹೆಸರೂ ಫಾರ್ಸಿಯದೇ, ‘ತೆರೆದ ಅಕ್ಷರ’ ಎಂಬ ಅರ್ಥ ಬರುವಂತೆ ಓಪನ್‌ಟೈಪ್ ಎಂಬುದನ್ನೇ ತಿರುಗಿಸಿ ಇಟ್ಟದ್ದು.

ನಾವು ಮೊಬೈಲಿನಿಂದ ಕಳಿಸಿದ ಒಕ್ಕಣೆಗೆ ಮೊಬೈಲಿನ ಚೌಕಿಯಲ್ಲಿ ಒಳ್ಳೆಯ ಜೋಡಣೆಗಾರ ಸಿಕ್ಕಿದ್ದ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಪುಸ್ತಕ ಇತ್ತು, ಪೆಟ್ಟಿಗೆಯೂ ಇತ್ತು, ಚೌಕಿ ಮಾತ್ರ ಖಾಲಿ.

ಮೊಳೆಯ ಕಾಲ, ನುಡಿಯ ಕಾಲ

ಇಷ್ಟೆಲ್ಲ ತಾಪತ್ರಯ ಮೊದಲು ಇರಲಿಲ್ಲವಲ್ಲ ಎಂದು ಹಳೆಯ ಪ್ರೆಸ್ಸಿನವರು ಕೇಳುತ್ತಾರೆ. ಕೇಳುವುದು ಸರಿಯೇ. ಮಂಗಳೂರಿನಲ್ಲಿ 1841ರಲ್ಲಿ ಶುರುವಾದ ಬಾಸೆಲ್ ಮಿಶನ್ ಪ್ರೆಸ್ಸಿನ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುವುದರಿಂದ ಒತ್ತಕ್ಷರದ ಸಮಸ್ಯೆಯೇ ಇಲ್ಲ. ಆಮೇಲೆ ಬಿಡಿ ಬಿಡಿ ಅಕ್ಷರದ ಅಚ್ಚಿನ ಮೊಳೆ ಬಂತು. ಮೊಳೆ ಜೋಡಿಸುವವರಿಗೆ ಕನ್ನಡ ಗೊತ್ತಿತ್ತು. ಒತ್ತು ಎಲ್ಲಿ, ಅರ್ಕಾವೊತ್ತು ಎಲ್ಲಿ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಜೋಡಣೆಗಾರ ಮನುಷ್ಯನೇ ಆಗಿದ್ದ.

ಕಂಪ್ಯೂಟರ್ ಬಂದ ಮೊದಲ ಕಾಲದಲ್ಲಿ ಇದೇ ಮೊಳೆಯ ಪೆಟ್ಟಿಗೆಯನ್ನು ಯಂತ್ರದೊಳಗೆ ಇಟ್ಟರು. ಇಂಗ್ಲಿಷಿಗಾಗಿ ಇದ್ದ 256 ಮನೆಗಳಲ್ಲಿ ಇಂಗ್ಲಿಷಿನ ಚಿತ್ರ ತೆಗೆದು ಕನ್ನಡದ ತುಂಡುಗಳನ್ನು ಕೂರಿಸಿದರು: ಒಂದು ಮನೆಯಲ್ಲಿ ಕಕಾರದ ಮೈ, ಇನ್ನೊಂದರಲ್ಲಿ ತಲೆಕಟ್ಟು, ಮತ್ತೊಂದರಲ್ಲಿ ಒತ್ತು. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಪ್ರೆಸ್ಸುಗಳ ಶ್ರೀಲಿಪಿ ಎಂಬ ತಂತ್ರಾಂಶಗಳೆಲ್ಲವೂ ಪ್ರೆಸ್ಸಿನ ಕೆಲಸಕ್ಕೆ ಒದಗಿದ್ದು ಈ ದಾರಿಯಲ್ಲೇ. ಕೀಲಿಮಣೆಯ ಮಟ್ಟಿಗೆ ನಮ್ಮ ಕರಾವಳಿಯವರೇ ಆದ, ಕಿನ್ನಿಕಂಬಳದ ಕೆ.ಪಿ. ರಾವ್ ಅವರ ‘ಸೇಡಿಯಾಪು’ ತಂತ್ರಾಂಶ ಇವಕ್ಕೆಲ್ಲ ದಾರಿ ತೋರಿದ್ದು ಎಂಬುದನ್ನು ಇಲ್ಲಿ ನೆನೆಯಬೇಕು.

ಆಗ ಪುಟ ಕಟ್ಟಲು ಬಳಸುತ್ತಿದ್ದ ಪೇಜ್‌ಮೇಕರ್ ಅಕ್ಷರಗಳನ್ನು ಎಡದಿಂದ ಬಲಕ್ಕೆ ಮೊಳೆಯಂತೆ ಇಡುತ್ತಿತ್ತು. ಕನ್ನಡವೋ ಚೀನಿಯೋ ಎಂದು ಅದಕ್ಕೆ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. 1985ರಲ್ಲಿ ಹುಟ್ಟಿದ ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆದರೂ ಅದನ್ನು ಬಿಡಲೊಪ್ಪದ ಪ್ರೆಸ್ಸುಗಳು ಬಹಳ ಕಾಲ ಇದ್ದವು. ಹಟಕ್ಕೆ ಕಾರಣವೂ ಇತ್ತು: ಅದರಲ್ಲಿ ಒತ್ತು ಜಾರುತ್ತಿರಲಿಲ್ಲ.

ಬೆಲೆ ಬೇರೆ ಕಡೆ ತೆರಬೇಕಾಯಿತು. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ‘ಕನ್ನಡ’ ಎಂಬಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರಿರುವ ಎ, ಬ್ರಿಟಿಷರ ಪೌಂಡಿನ ಚಿಹ್ನೆ ಸಾಲಾಗಿ ನಿಲ್ಲುತ್ತವೆ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಒಂದು ಕಂಪನಿಯ ಫಾಂಟಿನಲ್ಲಿ ಬರೆದದ್ದಕ್ಕೆ ಇನ್ನೊಂದರ ಫಾಂಟ್ ಹಾಕಿದರೆ ಅದೂ ಗೊಜಲು.

‘ಕನಾರ್ಟಕ’ ಎಲ್ಲಿಂದ ಬಂತು

ಅಂತರ್ಜಾಲದಲ್ಲಿ, ಕೆಲವೊಮ್ಮೆ ಅಚ್ಚಾದ ಪುಸ್ತಕಗಳಲ್ಲೂ ‘ಕನಾರ್ಟಕ’, ‘ಧಮರ್’, ‘ಸೂಯರ್’ ಎಂಬ ಪದಗಳನ್ನು ನೀವು ನೋಡಿರಬಹುದು. ಬರೆದವರ ಕಾಗುಣಿತವನ್ನು ಬೈಯುವ ಮುನ್ನ ಒಂದು ನಿಮಿಷ.

ಹಳೆಯ ಪದ್ಧತಿಯಲ್ಲಿ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತವೆ. ಧ, ಮ, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಕಿವಿಗೆ ಕೇಳುವ ಕ್ರಮ: ಧ, ರ, ಪೊಲ್ಲು, ಮ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಪರಿವರ್ತಕ ಅರ್ಕಾವೊತ್ತನ್ನು ಕಂಡ ಕೂಡಲೇ ಒಂದು ಅಕ್ಷರ ಹಿಂದಕ್ಕೆ ನಡೆದು ಅಲ್ಲಿ ‘ರ್’ ಇಡಬೇಕು. ಹಾಗೆ ಹಿಂದಕ್ಕೆ ನಡೆಯದೆ ಇದ್ದಲ್ಲೇ ಇಟ್ಟರೆ ‘ಧಮರ್’. ಕೆಲವು ಪರಿವರ್ತಕಗಳು ‘ಧರ್ಮ’ವನ್ನು ಸರಿ ಮಾಡಿ, ಒತ್ತಕ್ಷರದ ಮೇಲೆ ಅರ್ಕಾವೊತ್ತು ಬರುವಲ್ಲಿ ಎಡವುತ್ತವೆ. ‘ಸಾಮರ್ಥ್ಯ’, ‘ಮರ್ತ್ಯ’ ಇಂಥ ಪದಗಳನ್ನು ಕೊಟ್ಟು ನೋಡಿದರೆ ಪರಿವರ್ತಕದ ಯೋಗ್ಯತೆ ತಿಳಿಯುತ್ತದೆ.

ಒಂದು ಎಚ್ಚರ. ‘ಕನಾರ್ಟಕ’ ಆದದ್ದು ಪಠ್ಯವೇ ಕೆಟ್ಟದ್ದು. ಯಾವ ಫಾಂಟ್ ಹಾಕಿದರೂ, ಯಾವ ತಂತ್ರಾಂಶದಲ್ಲಿ ತೆರೆದರೂ ಹಾಗೆಯೇ ಇರುತ್ತದೆ. ‘ಬ್‌ರಹ್‌ಮ’ ಆದದ್ದು ತೋರಿಕೆಯ ಕೇಡು. ಒಳಗಿನ ಪಠ್ಯ ಸ್ವಸ್ಥವಾಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಎರಡನೆಯದನ್ನು ಮೊದಲನೆಯದು ಎಂದುಕೊಂಡು ಕೈಯಲ್ಲಿ ತಿದ್ದಲು ಕೂತರೆ ಸರಿ ಇದ್ದ ಪಠ್ಯವೂ ಕೆಡುತ್ತದೆ.

ಪುಟ ಕಟ್ಟುವ ತಂತ್ರಾಂಶಕ್ಕೆ ಕನ್ನಡ ಬಾರದಿದ್ದಾಗ

ಪುಸ್ತಕ, ಪತ್ರಿಕೆಗಳ ಪುಟ ಕಟ್ಟಲು ಇವತ್ತು ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಅಡೋಬಿಯ ಇನ್‌ಡಿಸೈನ್ ಒಂದು. 1999ರಲ್ಲಿ ಬಂದದ್ದು. ಅದರಲ್ಲಿ ಸಾಲು ಎಲ್ಲಿ ಮುರಿಯಬೇಕು, ಪದಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂದು ಲೆಕ್ಕ ಹಾಕುವ ಭಾಗಕ್ಕೆ ‘ಕಂಪೋಸರ್’ ಎಂದು ಹೆಸರು. ಹಳೆಯ ಮೊಳೆ ಜೋಡಿಸುವವರ ಹೆಸರೇ. ಈ ಕಂಪೋಸರುಗಳಲ್ಲಿ ಎರಡು ಬಗೆ. ಸಾಮಾನ್ಯ ಕಂಪೋಸರ್ ಇಂಗ್ಲಿಷಿನಂಥ ಲಿಪಿಗಳಿಗೆ ಮಾಡಿದ್ದು. ಒಂದು ಸಂಕೇತಕ್ಕೆ ಒಂದು ಚಿತ್ರ ಎಂದುಕೊಂಡು ಇಡುತ್ತಾ ಹೋಗುತ್ತದೆ. ಇನ್ನೊಂದು ‘ವರ್ಲ್ಡ್-ರೆಡಿ’ ಕಂಪೋಸರ್. ಅರಬಿ, ಹೀಬ್ರೂ, ಭಾರತದ ಲಿಪಿಗಳಿಗೆ ಬೇಕಾದ ಜೋಡಣೆಗಾರ ಇರುವುದು ಇದರ ಬೆನ್ನ ಹಿಂದೆ.

2012ರ ಸಿಎಸ್6 ಆವೃತ್ತಿಯಲ್ಲಿ ಕನ್ನಡವೂ ಸೇರಿ ಭಾರತೀಯ ಲಿಪಿಗಳಿಗೆ ಈ ಎರಡನೆಯ ಕಂಪೋಸರಿನ ಆಸರೆ ಅಧಿಕೃತವಾಗಿ ಸಿಕ್ಕಿತು. ಆದರೆ ಸಾಮಾನ್ಯ ಕಂಪೋಸರಿನಲ್ಲೇ ಶುರುವಾಗುವ ಹೊಸ ಕಡತ, ಅದರಲ್ಲೇ ಕಟ್ಟಿದ ಹಳೆಯ ಮಾದರಿ ಕಡತ ಇವೆರಡರಲ್ಲಿ ಯಾವುದಕ್ಕೆ ಕನ್ನಡ ಸುರಿದರೂ ಚೌಕಿ ಖಾಲಿಯೇ. ಇನ್ನೂ ಗೊಂದಲದ ಸಂಗತಿಯೆಂದರೆ ಕಂಪೋಸರ್ ಎಂಬುದು ಇಡೀ ಕಡತದ ಗುಣವಲ್ಲ, ಪ್ರತಿ ಪ್ಯಾರಾದ ಗುಣ. ಒಂದೇ ಪುಟದಲ್ಲಿ ಮೇಲಿನ ಪ್ಯಾರಾ ಚೆನ್ನಾಗಿದ್ದು ಕೆಳಗಿನದರಲ್ಲಿ ಒತ್ತುಗಳೆಲ್ಲ ಬಿಡಿಬಿಡಿಯಾಗುವುದು ಇದರಿಂದಲೇ. ‘ನಿನ್ನೆ ಸರಿ ಇತ್ತು, ಇವತ್ತು ಕೆಟ್ಟಿದೆ’ ಎಂಬ ದೂರಿನ ಹಿಂದೆಯೂ ಹೆಚ್ಚಾಗಿ ಬೇರೆ ಶೈಲಿಯ ಪ್ಯಾರಾ ಒಂದು ಬಂದು ಸೇರಿರುತ್ತದೆ.

ಬದಲಿಸುವುದು ಕಷ್ಟವಲ್ಲ. ಪ್ಯಾರಾಗ್ರಾಫ್ ಫಲಕದ ಮೂಲೆಯ ಮೆನುವಿನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿದರಾಯಿತು. ಪ್ಯಾರಾ ಪ್ಯಾರಾಕ್ಕೂ ಹೀಗೆ ಮಾಡುವ ಬದಲು ಪ್ಯಾರಾಗ್ರಾಫ್ ಸ್ಟೈಲಿನ ‘ಜಸ್ಟಿಫಿಕೇಶನ್’ ವಿಭಾಗದಲ್ಲಿ ಒಮ್ಮೆ ಹೇಳಿಟ್ಟರೆ ಆ ಸ್ಟೈಲ್ ಹಾಕಿದ ಕಡೆಗಳಲ್ಲೆಲ್ಲ ಒತ್ತು ಕೂರುತ್ತದೆ. ಪ್ರಿಫರೆನ್ಸಸ್‌ನ ‘ಅಡ್ವಾನ್ಸ್‌ಡ್ ಟೈಪ್’ನಲ್ಲಿ ಮುಂದಿನ ಕಡತಗಳಿಗೂ ಹೇಳಿಡಬಹುದು. ಈಚಿನ ಆವೃತ್ತಿಗಳಲ್ಲಿ ಇನ್‌ಡಿಸೈನ್ ಕೂಡ ಹಾರ್ಫ್‌ಬಝ್ ಜೋಡಣೆಗಾರನನ್ನು ಕರೆಸಿಕೊಂಡಿದೆ. ಹಾಗಾಗಿ ಮೊಬೈಲಿನಲ್ಲಿ ಒಂದು ಥರ, ಪುಟದಲ್ಲಿ ಇನ್ನೊಂದು ಥರ ಎಂಬ ವ್ಯತ್ಯಾಸ ಕಡಿಮೆಯಾಗುತ್ತಿದೆ. ಹಣ ಕೊಡದೆ ಸಿಗುವ ಸ್ಕ್ರೈಬಸ್ ತಂತ್ರಾಂಶದ 1.6 ಆವೃತ್ತಿ, 2024ರ ಆರಂಭದಲ್ಲಿ ಬಂದದ್ದು, ಅದೂ ಇದೇ ಜೋಡಣೆಗಾರನನ್ನು ನೆಚ್ಚಿದೆ. ಫ್ಲೆಕ್ಸ್ ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಕೋರೆಲ್‌ಡ್ರಾ ಆವೃತ್ತಿಗಳಿಗೆ ಮಾತ್ರ ಯೂನಿಕೋಡ್ ಕನ್ನಡ ಕೊಟ್ಟು ಫಲವಿಲ್ಲ, ಅಲ್ಲಿ ನುಡಿಯೇ ಗತಿ.

ಇನ್ನೊಂದು ಸೂಕ್ಷ್ಮ ಉಂಟು. ಓಪನ್‌ಟೈಪ್ ಪದ್ಧತಿಯಲ್ಲಿ ಕನ್ನಡಕ್ಕೆ ಹಳೆಯದೊಂದು, ಹೊಸದೊಂದು ಎಂದು ಎರಡು ನಿಯಮಗಳಿವೆ. ಪೊಲ್ಲು ಮತ್ತು ವ್ಯಂಜನಗಳ ಹಿಂದುಮುಂದು ಎರಡರಲ್ಲೂ ಬೇರೆ. ಹಳೆಯ ನಿಯಮಕ್ಕೆ ಮಾಡಿದ ಫಾಂಟನ್ನು ಹೊಸದನ್ನಷ್ಟೇ ಬಲ್ಲ ಜೋಡಣೆಗಾರನ ಕೈಗೆ ಕೊಟ್ಟರೆ ಕೆಲವೇ ಕೆಲವು ಒತ್ತಕ್ಷರಗಳು ಮಾತ್ರ ಕೆಡುತ್ತವೆ. ಪೂರ್ತಿ ಕೆಟ್ಟರೆ ಕಣ್ಣಿಗೆ ಬೀಳುತ್ತದೆ; ನೂರಕ್ಕೆ ಒಂದು ಕೆಟ್ಟರೆ ಪುಸ್ತಕ ಬಿಡುಗಡೆಯ ದಿನವೇ ಗೊತ್ತಾಗುವುದು.

ಕಣ್ಣಿಗೆ ಕಾಣದ ಕೊಂಡಿಗಳು

‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೆ ವಕಾರದ ಒತ್ತು ಬೀಳಬಾರದು. ‘ಮಾರ್ಚ್‌ನಲ್ಲಿ’ ಎಂಬಲ್ಲಿ ಚಕಾರಕ್ಕೆ ನಕಾರ ಒತ್ತಾಗಬಾರದು. ಹಾಗೆ ಬೀಳದಂತೆ ನಡುವೆ ಒಂದು ಸಂಕೇತ ಇಡುತ್ತಾರೆ. ಅದಕ್ಕೆ ಅಗಲವಿಲ್ಲ, ಚಿತ್ರವಿಲ್ಲ. ‘ಇಲ್ಲಿ ಸೇರಿಸಬೇಡ’ ಎಂದು ಜೋಡಣೆಗಾರನಿಗೆ ಹೇಳುವುದಷ್ಟೇ ಅದರ ಕೆಲಸ. ಅದು ಕಳೆದುಹೋದರೆ ‘ಸಾಫ್ಟ್ವೇರ್’, ‘ಮಾರ್ಚ್ನಲ್ಲಿ’.

ಇದಕ್ಕೆ ಒಬ್ಬ ತಮ್ಮನೂ ಇದ್ದಾನೆ, ಬೇರೆ ರೀತಿಯಲ್ಲಿ ಸೇರಿಸು ಎನ್ನುವವನು. ‘ರ‍್ಯಾಲಿ’, ‘ರ‍್ಯಾಂಕ್’ ಪದಗಳಲ್ಲಿ ನಮಗೆ ಬೇಕಾದದ್ದು ಪೂರ್ತಿ ರಕಾರ, ಕೆಳಗೆ ಯಕಾರದ ಒತ್ತು. ಸುಮ್ಮನೆ ರ, ಪೊಲ್ಲು, ಯ ಎಂದು ಕೊಟ್ಟರೆ ಜೋಡಣೆಗಾರ ರೂಢಿಯಂತೆ ಅರ್ಕಾವೊತ್ತು ಹಾಕಿ ‘ರ್ಯಾಲಿ’ ಮಾಡಿಬಿಡುತ್ತಾನೆ. ರಕಾರದ ಕೂಡಲೇ, ಪೊಲ್ಲಿಗೆ ಮೊದಲು ಆ ಕೊಂಡಿ ಇಟ್ಟರೆ ಸರಿಯಾಗುತ್ತದೆ. ಮೊಬೈಲಿನ ಕೆಲವು ಕೀಲಿಮಣೆಗಳು ಇದನ್ನು ಒಳಗೊಳಗೇ ಮಾಡಿಕೊಡುವುದರಿಂದ ಬರೆದವರಿಗೆ ಇಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ.

ಕಷ್ಟ ಬರುವುದು ಪಠ್ಯ ಕೈಯಿಂದ ಕೈಗೆ ಹೋಗುವಾಗ. ಕಾಣದ ಚಿಹ್ನೆಗಳನ್ನೆಲ್ಲ ಕಸವೆಂದು ಗುಡಿಸಿಹಾಕುವ ತಂತ್ರಾಂಶಗಳಿವೆ. ಕೆಲವು ಫಾಂಟುಗಳು ಉಲ್ಟಾ: ಕಾಣಬಾರದ ಕೊಂಡಿಯ ಜಾಗದಲ್ಲಿ ಚೌಕ ತೋರಿಸುತ್ತವೆ. ಇನ್‌ಡಿಸೈನಿನಲ್ಲಿ ಕಳೆದುಹೋದದ್ದನ್ನು ಮತ್ತೆ ಹಾಕಲು ಟೈಪ್ ಮೆನುವಿನ ವಿಶೇಷ ಚಿಹ್ನೆಗಳ ಪಟ್ಟಿಯಲ್ಲಿ ‘ಸೇರಿಸಬೇಡ’ ಎನ್ನುವ ಮೊದಲನೆಯ ಚಿಹ್ನೆ ‘ನಾನ್-ಜಾಯ್ನರ್’ ಎಂಬ ಹೆಸರಿನಲ್ಲಿ ಇದೆ.

ಈ ಕಾಣದ ಚಿಹ್ನೆ ಎಷ್ಟು ಅನಾಹುತ ಮಾಡಬಲ್ಲದು ಎಂದರೆ, 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ನಡುವೆ ಇದನ್ನಿಟ್ಟು ಯಾರೋ ಕಳಿಸಿದ ಸಂದೇಶ ತೆರೆದ ಐಫೋನುಗಳ ಆ್ಯಪುಗಳು ಮುಚ್ಚಿಕೊಂಡವು. ಆ್ಯಪಲ್ ಕಂಪನಿ ಆ ತಿಂಗಳೇ 11.2.6 ಎಂಬ ತಿದ್ದುಪಡಿ ಬಿಡಬೇಕಾಯಿತು. ಬಳ್ಳಾರಿ, ಅನಂತಪುರದ ಗಡಿಯವರು ದಿನಾ ಬರೆಯುವ ಅಕ್ಷರವದು.

ಪಕ್ಕದಲ್ಲಿ ಮಲಯಾಳವೂ ಇರುವಾಗ

1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಕಾಸರಗೋಡಿನ ಕಾಗದಪತ್ರಗಳಲ್ಲಿ ಎರಡು ಲಿಪಿಗಳು ಅಕ್ಕಪಕ್ಕ ಬರುತ್ತಿವೆ. ನಮ್ಮ ಆಮಂತ್ರಣವೂ ಒಂದು ಮಗ್ಗುಲು ಮಲಯಾಳ, ಇನ್ನೊಂದು ಮಗ್ಗುಲು ಕನ್ನಡ. ಮಲಯಾಳದ ಭಾಗ ಚೊಕ್ಕವಾಗಿತ್ತು. ಅದನ್ನು ಪ್ರೆಸ್ಸಿನವರು ತಮ್ಮ ಹಳೆಯ ಪದ್ಧತಿಯ ಫಾಂಟಿನಲ್ಲಿ ತಾವೇ ಟೈಪ್ ಮಾಡಿದ್ದರು, ಅಲ್ಲಿ ಜೋಡಣೆಗಾರನ ಹಂಗಿಲ್ಲ. ಕನ್ನಡ ಮಾತ್ರ ಮೊಬೈಲಿನಿಂದ ಯೂನಿಕೋಡಿನಲ್ಲಿ ಬಂದು ಅದೇ ಮಾದರಿ ಕಡತಕ್ಕೆ ಬಿತ್ತು. ಒಂದೇ ಕಾಗದದಲ್ಲಿ ಎರಡು ಯುಗ.

ಮಲಯಾಳಕ್ಕೂ ಈ ಕಾಟ ತಪ್ಪಿದ್ದಲ್ಲ. ಏಕಾರದ ಚಿಹ್ನೆ ಅಲ್ಲಿ ವ್ಯಂಜನದ ಎಡಕ್ಕೆ ಬರುತ್ತದೆ, ಉಚ್ಚಾರದಲ್ಲಿ ವ್ಯಂಜನದ ನಂತರ. ಖಾಲಿ ಚೌಕಿಯಲ್ಲಿ ಕೇರಳದ ‘ಕೇ’ಯಲ್ಲಿ ಏಕಾರ ಕಕಾರದ ಬಲಕ್ಕೆ ಹೋಗಿ ಮುಂದಿನ ರಕಾರಕ್ಕೆ ಅಂಟಿದಂತೆ ಕಾಣುತ್ತದೆ. ಸ್ವರವಿಲ್ಲದ ವ್ಯಂಜನಗಳಿಗೆ ಅವರಲ್ಲಿ ಇರುವ ‘ಚಿಲ್ಲು’ ಅಕ್ಷರಗಳನ್ನು ಮೊದಲು ಕಾಣದ ಕೊಂಡಿ ಬಳಸಿಯೇ ಬರೆಯಬೇಕಿತ್ತು. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಸ್ವಂತ ಮನೆ ಸಿಕ್ಕಿತು. ನೋಡಲು ಒಂದೇ ಆದರೂ ಹಳೆಯ ಚಿಲ್ಲು, ಹೊಸ ಚಿಲ್ಲು ಒಳಗೆ ಬೇರೆ ಬೇರೆ ಸಂಕೇತಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಕನ್ನಡದಲ್ಲೂ ಹಳೆಯ ಬರಹದ ನಕಾರ ಪೊಲ್ಲಿಗೆ 2021ರಲ್ಲಿ ಪ್ರತ್ಯೇಕ ಮನೆ ಕೊಟ್ಟಿದ್ದಾರೆ. ಹಳಗನ್ನಡದ ‘ೞ’ಕ್ಕೆ ಮನೆ ಮೊದಲಿನಿಂದಲೂ ಉಂಟು, ಆದರೆ ಬಾಗಿಲ ಮೇಲೆ ತಪ್ಪಾಗಿ ‘ಫ’ ಎಂದು ಹೆಸರು ಬರೆದಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮವಾದ್ದರಿಂದ ಇನ್ನು ಅದು ಹಾಗೆಯೇ.

ಎರಡು ಲಿಪಿಯ ಕಡತದಲ್ಲಿ ಮತ್ತೆ ಮತ್ತೆ ಕಾಣುವ ಇನ್ನೊಂದು ಕೇಡು ಖಾಲಿ ಚೌಕಗಳ ಸಾಲು. ಕನ್ನಡದ ಸಾಲಿಗೆ ಮಲಯಾಳದ ಫಾಂಟ್ ಉಳಿದುಹೋಗಿರುತ್ತದೆ. ಪೆಟ್ಟಿಗೆಯಲ್ಲಿ ಆ ವೇಷವೇ ಇಲ್ಲ. ಆ ಚೌಕಗಳಿಗೆ ಹೊರಗಿನವರು ತಮಾಷೆಗೆ ‘ತೋಫು’ ಎನ್ನುತ್ತಾರೆ, ಸೋಯಾ ಹಾಲಿನ ಪನೀರಿನ ತುಂಡುಗಳಂತೆ ಕಾಣುವುದಕ್ಕೆ. ತೋಫು ಇಲ್ಲದಂತೆ ಮಾಡುವುದಕ್ಕೆಂದೇ ಗೂಗಲ್ ಹೊರತಂದ ಫಾಂಟುಗಳ ಹೆಸರು ‘ನೋಟೋ’. ಚೌಕದ ಬದಲು ಚುಕ್ಕಿಗಳ ವೃತ್ತ ಬಂದರೆ ಅರ್ಥ ಬೇರೆ: ಗುಡಿಸೋ ಕೊಂಬೋ ಒಂಟಿಯಾಗಿದೆ, ಅದು ಕೂರಬೇಕಾದ ವ್ಯಂಜನ ಹಿಂದೆ ಇಲ್ಲ. ನಡುವೆ ಜಾಗ ಬಿದ್ದಿರಬಹುದು, ಒಂದೇ ಚಿಹ್ನೆ ಎರಡು ಸಲ ಟೈಪ್ ಆಗಿರಬಹುದು.

ಅಕ್ಷರ ಸರಿ, ಜಾಗ ಸಾಲದು

ಜೋಡಣೆ ಸರಿಯಾದ ಮೇಲೂ ತೊಂದರೆ ಮುಗಿಯುವುದಿಲ್ಲ. ಸಾಲಿನ ಅಂತರ ತಾನಾಗಿ ಇರಲಿ ಎಂದು ಬಿಟ್ಟರೆ ಇನ್‌ಡಿಸೈನ್ ಅಕ್ಷರದ ಅಳತೆಯ 120 ಪ್ರತಿಶತ ತೆಗೆದುಕೊಳ್ಳುತ್ತದೆ. ಇಂಗ್ಲಿಷಿಗೆ ಅದು ಧಾರಾಳ. ‘ರಾಷ್ಟ್ರ’, ‘ವೈಶಿಷ್ಟ್ಯ’ಗಳ ಇಮ್ಮಡಿ ಒತ್ತು ಕೆಳಗಿಳಿದು ಮುಂದಿನ ಸಾಲಿನ ‘ಕೀರ್ತಿ’ಯ ತಲೆಗೆ ತಾಗುತ್ತದೆ.

ಎರಡೂ ಅಂಚು ಸಮ ಮಾಡುವಾಗ ಅಕ್ಷರಗಳ ನಡುವೆಯೂ ಜಾಗ ಹಿಗ್ಗಿಸಲು ಬಿಟ್ಟರೆ ಕೆಲವು ತಂತ್ರಾಂಶಗಳು ವ್ಯಂಜನಕ್ಕೂ ಅದರ ಒತ್ತಿಗೂ ನಡುವೆಯೇ ಬಿರುಕು ಬಿಡುತ್ತವೆ. ಕನ್ನಡಕ್ಕೆ ಅಕ್ಷರಗಳ ನಡುವಿನ ಹಿಗ್ಗು ಸೊನ್ನೆಯಲ್ಲೇ ಇರಲಿ, ಪದಗಳ ನಡುವೆ ಬೇಕಾದರೆ ಹಿಗ್ಗಲಿ. ಅಧ್ಯಾಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಅಲಂಕಾರದಲ್ಲೂ ಇದೇ ಗತಿ: ‘ಶ್ರೀ’ ಎಂದು ಶುರುವಾದರೆ ಒಂದು ಸಂಕೇತವನ್ನೇ ಒಂದಕ್ಷರ ಎಂದು ಎಣಿಸುವ ತಂತ್ರಾಂಶ ಶಕಾರವನ್ನು ಮಾತ್ರ ದೊಡ್ಡದು ಮಾಡಿ ಉಳಿದದ್ದನ್ನು ಪಕ್ಕಕ್ಕೆ ದೂಡುತ್ತದೆ.

ತಪ್ಪು ಎಲ್ಲಿದೆ ಎಂದು ಪತ್ತೆ ಮಾಡುವುದು

ಪುಟದಲ್ಲಿ ಕೆಟ್ಟು ಕಂಡ ಪದವನ್ನು ಅಲ್ಲಿಂದಲೇ ಕಾಪಿ ಮಾಡಿ ಮೊಬೈಲಿಗೆ ಕಳಿಸಿ ನೋಡಿ, ಅಥವಾ ಬ್ರೌಸರಿನಲ್ಲಿ ಅಂಟಿಸಿ. ಅಲ್ಲಿಯೂ ಕೆಟ್ಟೇ ಇದ್ದರೆ ಪಠ್ಯ ಕೆಟ್ಟಿದೆ; ಟೈಪ್ ಮಾಡಿದಲ್ಲಿ ಅಥವಾ ಪರಿವರ್ತಕದಲ್ಲಿ ತಪ್ಪಾಗಿದೆ. ಅಲ್ಲಿ ಸರಿ ಕಂಡರೆ ಪ್ರಸಂಗ ಪುಸ್ತಕಕ್ಕೆ ದೋಷವಿಲ್ಲ. ಆಮೇಲೆ ಪುಟದಲ್ಲಿ ಆ ಪದಕ್ಕೆ ಮಾತ್ರ ನೋಟೋ ಫಾಂಟ್ ಹಾಕಿ. ಸರಿಯಾಯಿತೇ, ಹಾಗಾದರೆ ಹಿಂದಿನ ಫಾಂಟಿನ ತಪ್ಪು. ಆಗಲಿಲ್ಲವೇ, ಕಂಪೋಸರನ್ನು ನೋಡಬೇಕು.

ಪರೀಕ್ಷೆಗೆ ಒಂದು ಸಾಲು ಬರೆದಿಟ್ಟುಕೊಂಡರೆ ಅನುಕೂಲ. ನಾನೀಗ ಪ್ರೆಸ್ಸಿಗೆ ಕೊಡುವುದು ‘ಸ್ತ್ರೀಶಕ್ತಿ, ಸಾಮರ್ಥ್ಯ, ರಾಷ್ಟ್ರ, ಜ್ಞಾನ, ಕ್ಷೇತ್ರ, ರ‍್ಯಾಲಿ, ಸಾಫ್ಟ್‌ವೇರ್’. ಕನ್ನಡ ಓದಲು ಬಾರದ ಆಪರೇಟರ್ ಕೂಡ ಮೊಬೈಲಿನ ಚಿತ್ರವನ್ನೂ ಪುಟವನ್ನೂ ಪಕ್ಕಪಕ್ಕ ಇಟ್ಟು ಆಕಾರ ಹೋಲಿಸಬಹುದು. ನಮ್ಮ ಪ್ರೆಸ್ಸಿನ ಹುಡುಗಿ ಹೀಗೆ ಹೋಲಿಸಿಯೇ ಕಂಪೋಸರ್ ಬದಲಿಸಿದಳು. ಎರಡು ಕ್ಲಿಕ್ಕು. ತೆರೆಯ ಮೇಲೆ ‘ಬ್ರಹ್ಮಕಲಶ’ ಕೂಡಿಕೊಂಡಾಗ “ಅಯ್ಯೋ, ಇಷ್ಟೇಯಾ?” ಎಂದಳು. ಕಾಗದದ ದುಡ್ಡು ಹೋದದ್ದು ಹೋಯಿತು.

ಪಿಡಿಎಫ್‌ನಲ್ಲಿ ಕೂತ ಕನ್ನಡ

ಅಚ್ಚಿಗೆ ಹೋಗುವುದು ಸಾಮಾನ್ಯವಾಗಿ ಪಿಡಿಎಫ್. ಅದರಲ್ಲಿ ಇರುವುದು ಮುಖ್ಯವಾಗಿ ಚಿತ್ರಗಳು ಮತ್ತು ಅವುಗಳ ಸ್ಥಾನ. ವೇಷ ಕಟ್ಟಿ ಮುಗಿದ ಮೇಲಿನ ಸ್ಥಿತಿ. ಫಾಂಟ್ ಒಳಗೇ ಸೇರಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಒತ್ತು ಮತ್ತೆ ಜಾರುವ ಹೆದರಿಕೆ ಇಲ್ಲ. ಆದ್ದರಿಂದ ಕರಡು ನೋಡಬೇಕಾದದ್ದು ಈ ಪಿಡಿಎಫ್‌ನಲ್ಲಿ; ವಾಟ್ಸ್ಆ್ಯಪಿನ ಒಕ್ಕಣೆಯನ್ನು ನೋಡಿ ‘ಓಕೆ’ ಎಂದ ನಮ್ಮ ಸಮಿತಿ ನೋಡಿದ್ದು ಬೇರೆ ಚೌಕಿಯ ವೇಷವನ್ನು. ಕೆಲವು ಪ್ರೆಸ್ಸಿನವರು ‘ಕರ್ವ್ ಮಾಡಿ ಕಳಿಸಿ’ ಎನ್ನುತ್ತಾರೆ. ಅಕ್ಷರಗಳನ್ನು ಬರಿಯ ಗೆರೆಗಳಾಗಿ ಬದಲಿಸುವುದು ಎಂದರ್ಥ. ತೋರಿಕೆಗೆ ಭದ್ರ, ಆದರೆ ಆಮೇಲೆ ಒಂದು ಪೊಲ್ಲನ್ನೂ ತಿದ್ದಲಾಗದು.

ಅದೇ ಪಿಡಿಎಫನ್ನು ಜಾಲದಲ್ಲಿ ಹಾಕುವುದಾದರೆ ಇನ್ನೊಂದು ಮಾತು ನೋಡಬೇಕು. ಯಾವ ಚಿತ್ರ ಯಾವ ಸಂಕೇತಕ್ಕೆ ಸಲ್ಲುತ್ತದೆ ಎಂಬ ಹಿಮ್ಮುಖ ಪಟ್ಟಿಯನ್ನು ತಂತ್ರಾಂಶ ಪಿಡಿಎಫ್‌ನೊಳಗೆ ಸರಿಯಾಗಿ ಬರೆದಿರದಿದ್ದರೆ, ನೋಡಲು ಸುಂದರವಾದ ಪುಟದಿಂದ ಕಾಪಿ ಮಾಡಿದ್ದು ಗೊಜಲಾಗಿ ಬರುತ್ತದೆ. ಹುಡುಕಾಟವೂ ನಡೆಯದು. ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶ ಆ ಗೊಜಲನ್ನೇ ಓದುತ್ತದೆ. ಒಂದು ಪದವನ್ನು ಹುಡುಕಿ ನೋಡಿದರೆ ಇದು ತಕ್ಷಣ ತಿಳಿಯುತ್ತದೆ.

ತುಳು ಲಿಪಿಯ ಸರದಿ

ನಮ್ಮ ದೇವಸ್ಥಾನದ ಸ್ವಾಗತ ಕಮಾನಿನಲ್ಲಿ ತುಳು ಲಿಪಿಯಲ್ಲೂ ಒಂದು ಸಾಲು ಇರಲಿ ಎಂದು ಹುಡುಗರ ಆಸೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ ಆ ಲಿಪಿಗೆ ಮನೆಗಳು ಸಿಕ್ಕಿವೆ. ಪ್ರಸಂಗ ಪುಸ್ತಕ ಬಂದಂತಾಯಿತು. ಇನ್ನು ಆ ಸಂಕೇತಗಳಿಗೆ ಮಾಡಿದ ಫಾಂಟ್ ಬೇಕು, ಅದರ ಒತ್ತುಗಳನ್ನು ಬಲ್ಲ ಜೋಡಣೆಗಾರ ಬೇಕು, ಆ ಜೋಡಣೆಗಾರನನ್ನು ಪುಟ ಕಟ್ಟುವ ತಂತ್ರಾಂಶ ಒಳಗೆ ಕರೆಸಿಕೊಳ್ಳಬೇಕು. ಕಮಾನಿಗೆ ಈ ಸಲ ಊರಿನ ಚಿತ್ರ ಬರೆಯುವವರೊಬ್ಬರು ಕುಂಚದಲ್ಲಿ ಬರೆದುಕೊಡುತ್ತಾರಂತೆ.